ಒಗದ ಸಾಮಾನ ತೋರಸ್ರಿ

ಯಾವ ವರ್ಕ್‌ಶಾಪಿಗೆ ಹೋದರೂ ಅವರು ಮೊದಲು ನೋಡುತ್ತಿದ್ದದ್ದು ಕಸದ ಡಬ್ಬಿ. ಮಾಲಕ ಎದ್ದು ಬಂದು ಕೈ ಮುಗಿದು, ಕುರ್ಚಿ ತೋರಿಸಿ, ಚಹಾ ಹೇಳುವಷ್ಟರಲ್ಲಿ ಇವರು ಹಿಂದಿನ ಬಾಗಿಲಿಗೆ ಹೋಗಿ ನಿಂತಿರುತ್ತಿದ್ದರು. “ಒಗದ ಸಾಮಾನ ತೋರಸ್ರಿ” ಎನ್ನುತ್ತಿದ್ದರು. ಕೆಟ್ಟಿತೆಂದು ಎಂಜಿನ್ನಿನಿಂದ ತೆಗೆದು ಬಿಸಾಡಿದ್ದು ಅವರಿಗೆ ಬೇಕಾಗಿತ್ತು. ತೋರಿಸಲಿಕ್ಕೆ ಏನೂ ಇಲ್ಲ ಎಂದವರನ್ನು ಮತ್ತೆ ತಿರುಗಿ ನೋಡುತ್ತಿರಲಿಲ್ಲ. “ಏನೂ ಒಗದಿಲ್ಲಂದ್ರ ಎಲ್ಲಾ ಎಂಜಿನ್ ಒಳಗ ಹಾಕ್ಯಾನ ಅಂತ ತಿಳಕೋ” ಎಂದು ನನಗೆ ಹೇಳುತ್ತಿದ್ದರು, ಮಾಲಕನಿಗೆ ಕೇಳಿಸುವಷ್ಟು ಗಟ್ಟಿಯಾಗಿ.

ಎಲ್ಲರೂ ಅವರನ್ನು ಸಾರ್ಜಂಟ್ರು ಅನ್ನುತ್ತಿದ್ದರು. ಊರು ಕಬ್ಬೂರ, ಮನೆತನ ಕುರಿ ಕಾಯುವವರದು. ಇಪ್ಪತ್ತು ವರ್ಷ ವಾಯುಸೇನೆಯಲ್ಲಿ ವಿಮಾನದ ಎಂಜಿನ್ ಬಿಚ್ಚಿ ಕಟ್ಟಿ, ನಿವೃತ್ತಿಯಾದ ಮೇಲೆ ಮತ್ತೆ ಓದಿ ಸಣ್ಣ ವಿಮಾನಗಳು ಹಾರಲು ಯೋಗ್ಯವೆಂದು ಸಹಿ ಹಾಕುವ ಲೈಸೆನ್ಸು ತಗೊಂಡವರು. ಅಂಥವರಿಗೆ ನಮ್ಮ ಕಡೆ ಏನು ಕೆಲಸ ಎಂದು ನೀವು ಕೇಳಬಹುದು. ಕೆಲಸ ಕೊಟ್ಟವರು ನಮ್ಮ ಸಾವಕಾರರು. ರಸ್ತೆ ಗುತ್ತಿಗೆದಾರರು, ಮನೆ ನಿಪ್ಪಾಣಿಯಲ್ಲಿ, ಆಫೀಸು ಮತ್ತು ಗೋದಾಮು ಚಿಕ್ಕೋಡಿಯಲ್ಲಿ. ಆ ಗೋದಾಮಿನ ಸ್ಟೋರ್‌ಕೀಪರ್ ನಾನು. ಸಾವಕಾರರು ಐವತ್ತರ ವಯಸ್ಸಿನಲ್ಲಿ ವಿಮಾನ ಹಾರಿಸಲು ಕಲಿತರು. ನಾಲ್ಕು ಮಂದಿ ಕೂಡುವ ಒಂದು ಹಳೇ ವಿಮಾನ ಕೊಂಡರು. ರಾಯಬಾಗ ತಾಲೂಕಿನ ಮಡ್ಡಿಯಲ್ಲಿ, ಬೆಳೆ ಬಾರದ ಕಲ್ಲುನೆಲದಲ್ಲಿ, ಜಮೀನು ಹಿಡಿದು, ತಮ್ಮದೇ ರೋಲರ್ ಓಡಿಸಿ ರನ್‌ವೇ ಮಾಡಿಸಿದರು. ಅದರ ತುದಿಗೆ ಒಂದು ಪತ್ರಾಸ್ ತಗಡಿನ ಶೆಡ್ಡು. ಆ ಶೆಡ್ಡಿನ ಒಡೆಯ ಸಾರ್ಜಂಟ್ರು.

ಅವರಿಗೆ ಯಾರ ಹೆಸರೂ ಬೇಕಾಗಿರಲಿಲ್ಲ. ನನ್ನನ್ನು ‘ಸ್ಟೋರ್’ ಎಂದು ಕೂಗುತ್ತಿದ್ದರು, ಡ್ರೈವರನನ್ನು ‘ಗಾಡಿ’ ಎಂದು. ಅಂಗಿಯ ಕಿಸೆಯಲ್ಲಿ ಸಣ್ಣ ಬ್ಯಾಟರಿ, ಪ್ಯಾಂಟಿನ ಕಿಸೆಯಲ್ಲಿ ಬಿಳಿ ಅರಿವೆ. ಎಂಜಿನ್ ಆರಿದ ಮೇಲೆ ಅದರ ಹೊಟ್ಟೆಯನ್ನು ಆ ಅರಿವೆಯಿಂದ ಒರೆಸಿ, ಹತ್ತಿದ ಕಲೆಯನ್ನು ನಾವು ಪೇಪರ್ ಓದಿದ ಹಾಗೆ ಓದುತ್ತಿದ್ದರು. ಮನೆಯಲ್ಲೂ ಹಾಗೇ ಅಂತೆ. ಹೆಂಡತಿ ಹಾಕಿದ ರೊಟ್ಟಿಯನ್ನು ಎತ್ತಿ ಬೆಳಕಿಗೆ ಹಿಡಿದು, ಎಲ್ಲಿ ದಪ್ಪ ಎಲ್ಲಿ ತೆಳು ಎಂದು ನೋಡಿ, ಆಮೇಲೆ ಮುರಿಯುತ್ತಿದ್ದರಂತೆ. ಛಲೋ ಆಗೈತಿ ಎಂಬ ಮಾತು ಅವರ ಬಾಯಿಂದ ಬಂದದ್ದನ್ನು ನಾನು ಕೇಳಿಲ್ಲ.

ನನ್ನ ಮೇಲೆ ಅವರ ಕೈ ಒಮ್ಮೆ ಬಿತ್ತು. ಹೊಡೆದರು ಅಂತಲ್ಲ. ಶೆಡ್ಡಿಗೆ ಬೇಕಾದ ಬೋಲ್ಟುಗಳನ್ನು ನಾನೇ ಚಿಕ್ಕೋಡಿಯಿಂದ ಅಳತೆಯ ಪ್ರಕಾರ ಡಬ್ಬಿಗಳಲ್ಲಿ ತುಂಬಿ ಒಯ್ಯುತ್ತಿದ್ದೆ. ಒಂದು ಸಲ ಒಂದು ಬೋಲ್ಟು ಪಕ್ಕದ ಡಬ್ಬಿಯಲ್ಲಿ ಬಿದ್ದಿತ್ತು. ಅವರು ಅದನ್ನು ಎರಡು ಬೆರಳಲ್ಲಿ ಹಿಡಿದು ನೋಡಿದರು. ಆಮೇಲೆ ಹದಿನಾಲ್ಕೂ ಡಬ್ಬಿಗಳನ್ನು ಒಂದೊಂದಾಗಿ ಎತ್ತಿ ನೆಲಕ್ಕೆ ಸುರುವಿದರು.

“ಆರಿಸು” ಅಂದರು.

“ಸರ್, ಒಂದ ತಪ್ಪಿತ್ತರಿ.”

“ಒಂದ ತಪ್ಪ ನನಗ ಸಿಕ್ಕೈತಿ. ಸಿಗದಿದ್ದ ಎಷ್ಟ ಅದಾವ ನಿನಗ ಗೊತ್ತೈತೇನು?”

ಬೆಳಗ್ಗೆ ಹತ್ತರಿಂದ ಹೊತ್ತು ಇಳಿಯುವ ತನಕ ನೆಲದ ಮೇಲೆ ಕೂತು ಆರಿಸಿದೆ. ರನ್‌ವೇ ಗುಡಿಸಲು ಬಂದ ಹೆಣ್ಣುಮಕ್ಕಳು ಬಾಗಿಲಲ್ಲಿ ನಿಂತು, ಸೆರಗು ಬಾಯಿಗೆ ಇಟ್ಟುಕೊಂಡು ನಕ್ಕು ಹೋದರು. ನನಗಾಗ ನಲವತ್ತೆರಡು. ಎರಡು ಮಕ್ಕಳ ತಂದೆ. ಆ ದಿನದ್ದು ನಾನು ಮರೆಯಲಿಲ್ಲ.

ವಿಮಾನದ ಎಂಜಿನ್ನಿಗೆ ಒಂದು ನಿಯಮ ಇದೆ. ಕಂಪನಿ ಹೇಳಿದಷ್ಟು ತಾಸು ಹಾರಿದ ಮೇಲೆ ಅದು ಎಷ್ಟೇ ಚೆನ್ನಾಗಿ ಓಡುತ್ತಿರಲಿ, ಇಳಿಸಿ, ಕೊನೆಯ ನಟ್ಟಿನವರೆಗೆ ಬಿಚ್ಚಿ, ಅಳೆದು, ಹಳೆಯದನ್ನು ಒಗೆದು ಹೊಸದು ಹಾಕಿ ಕಟ್ಟಬೇಕು. ಅದನ್ನು ಪರವಾನಗಿ ಇದ್ದ ವರ್ಕ್‌ಶಾಪೇ ಮಾಡಬೇಕು. ನಮ್ಮ ಎಂಜಿನ್ನಿನ ತಾಸು ಮುಗಿಯಿತು. ಅದೇ ವರ್ಷ ದೀಪಾವಳಿಯ ನಂತರ ಸಾವಕಾರರ ಮಗಳ ಮದುವೆ, ಕಾಗವಾಡದ ಮನೆತನಕ್ಕೆ. ಮದುವೆಯ ದಿನ ತಾವೇ ವಿಮಾನ ಹಾರಿಸಿ ಮಂಟಪದ ಮೇಲೆ ಹೂವು ಸುರಿಯಬೇಕೆಂದು ಸಾವಕಾರರು ಊರೆಲ್ಲ ಹೇಳಿಬಿಟ್ಟಿದ್ದರು.

ಮೂರು ವರ್ಕ್‌ಶಾಪುಗಳ ಹೆಸರು ಬಂದವು. ನೋಡಿ ಬರಲು ಸಾರ್ಜಂಟ್ರನ್ನು ಕಳಿಸಿದರು. ಜೊತೆಗೆ ನನ್ನನ್ನೂ. ಹೊರಡುವ ಮುಂಚೆ ಸಾವಕಾರರು ನನ್ನನ್ನು ಒಳಗೆ ಕರೆದು, “ಅಂವ ವರ್ಕ್‌ಶಾಪ್ ನೋಡ್ಲಿ. ನೀ ಅವನ್ನ ನೋಡು” ಅಂದರು.

ಮೊದಲನೆಯದು ದೊಡ್ಡ ಶಹರಿನದು. ಗಾಜಿನ ಕ್ಯಾಬಿನ್, ಮೈ ನಡುಗುವ ಎಸಿ, ಗೋಡೆಯ ಮೇಲೆ ವಿಮಾನಗಳ ಫೋಟೋ. ಮಾಲಕ ನಮಗೆ ಟಿವಿಯಲ್ಲಿ ತಮ್ಮ ಕೆಲಸದ ವಿಡಿಯೋ ಹಚ್ಚಿದ. ಸಾರ್ಜಂಟ್ರು ಕೂಡಲೇ ಇಲ್ಲ. ಒಗೆದ ಸಾಮಾನು ಕೇಳಿದರು. ಅದನ್ನೆಲ್ಲ ವಾರಕ್ಕೊಮ್ಮೆ ಗುಜರಿಯವನು ಒಯ್ಯುತ್ತಾನೆ ಎಂದ.

“ಒಡದ ಕೊಡತೀರೋ, ಹಂಗ ಕೊಡತೀರೋ?”

“ಹಂಗ ಕೊಡತೀವ್ರಿ.”

“ಅಂದ್ರ ನೀವು ಒಗದದ್ದು ಇನ್ನೊಬ್ಬನ ಎಂಜಿನ್ನಿನ್ಯಾಗ ಹೋಗಿ ಕುಂಡರತೈತಿ” ಎಂದು ಹೇಳಿ ಹೊರಗೆ ಬಂದುಬಿಟ್ಟರು. ಬಂದ ಚಹಾ ಮೇಜಿನ ಮೇಲೇ ಉಳಿಯಿತು.

ಎರಡನೆಯ ವರ್ಕ್‌ಶಾಪಿನದೇ ಈ ಕಥೆ. ಅದರ ಮಾಲಕ ಗೇಟಿನ ತನಕ ಓಡಿ ಬಂದ. ವಾಯುಸೇನೆಯಲ್ಲಿ ಸಾರ್ಜಂಟ್ರ ಕೈಕೆಳಗೆ ಆರು ವರ್ಷ ಕೆಲಸ ಕಲಿತವನಂತೆ. ವಯಸ್ಸು ಐವತ್ತು ದಾಟಿದ್ದರೂ ಎಲ್ಲರೆದುರು ಬಗ್ಗಿ ಅವರ ಕಾಲು ಮುಟ್ಟಿದ. ತನ್ನ ಹತ್ತು ಮಂದಿ ಕೆಲಸಗಾರರನ್ನು ಸಾಲಾಗಿ ನಿಲ್ಲಿಸಿ, “ನನಗ ಪಾನಾ ಹಿಡಿಯಾಕ ಕಲಿಸಿದವರು ಇವರ” ಅಂದ. ಅಂದು ಅವನ ಮನೆಯಿಂದ ಊಟ ಬಂದಿತ್ತು. ಜೋಳದ ರೊಟ್ಟಿ, ಝುಣಕ, ಎಣ್ಣೆಗಾಯಿ, ಶೇಂಗಾ ಹೋಳಿಗೆ. ಸಾರ್ಜಂಟ್ರು ನಿಧಾನಕ್ಕೆ, ಹೊಟ್ಟೆ ತುಂಬ ಉಂಡರು. ಎರಡನೇ ಹೋಳಿಗೆಯನ್ನೂ ಬೇಡ ಅನ್ನಲಿಲ್ಲ. ಅವರು ಹಾಗೆ ಉಂಡದ್ದನ್ನು ನೋಡಿ ಕೆಲಸ ಇಲ್ಲಿಗೇ ಗಟ್ಟಿ ಎಂದುಕೊಂಡೆ.

ಕೈ ತೊಳೆದುಕೊಂಡು ಅವರು ವರ್ಕ್‌ಶಾಪಿನೊಳಗೆ ಹೋದರು.

ಒಂದು ಕ್ರ್ಯಾಂಕ್ ಶಾಫ್ಟು ಮೇಜಿನ ಮೇಲೆ ಅಡ್ಡ ಮಲಗಿತ್ತು. ಅದನ್ನು ನೆಟ್ಟಗೆ ತೂಗುಹಾಕಿ ಇಡಬೇಕು, ಮಲಗಿಸಿಟ್ಟರೆ ತನ್ನ ಭಾರಕ್ಕೇ ಬಾಗೀತು. ಸಾರ್ಜಂಟ್ರು ಅದನ್ನು ನೋಡಿ ಮುಂದೆ ಹೋದರು. ನಟ್ಟನ್ನು ಎಷ್ಟು ಬಿಗಿಯಬೇಕೆಂದು ತೋರಿಸುವ ಪಾನಾ ಒಂದನ್ನು ಎತ್ತಿ, ಅದಕ್ಕೆ ಅಂಟಿಸಿದ ತಪಾಸಣೆಯ ಚೀಟಿ ನೋಡಿದರು. ತಾರೀಖಿನ ಮೇಲೆ ಇನ್ನೊಂದು ತಾರೀಖು ತಿದ್ದಿ ಬರೆದಿತ್ತು. ಪಾನಾ ತಿರುಗಿ ಇಟ್ಟರು. ಕೊನೆಗೆ ಮೂಲೆಯಲ್ಲಿ ಒಂದು ಸಿಲಿಂಡರಿನ ತಲೆ ಕಂಡಿತು. ಬ್ಯಾಟರಿ ಹಾಕಿ ನೋಡಿದರು. ಕೂದಲೆಳೆಯಂಥ ಸೀಳು. ಅದರ ಮೇಲೆ ಚೀಟಿ ಇರಲಿಲ್ಲ, ಒಗೆಯಬೇಕಾದದ್ದಕ್ಕೆ ಹಚ್ಚುವ ಕೆಂಪು ಬಣ್ಣದ ಗುರುತೂ ಇರಲಿಲ್ಲ.

“ಸುತ್ತಿಗಿ ಕೊಡ್ರಿ” ಅಂದರು.

ಯಾರೋ ಕೊಟ್ಟರು. ಅವರು ಆ ತಲೆಯನ್ನು ಕಬ್ಬಿಣದ ಅಡಿಗಲ್ಲಿನ ಮೇಲೆ ಇಟ್ಟು ಮೂರು ಏಟಿಗೆ ಒಡೆದರು. ವರ್ಕ್‌ಶಾಪಿನಲ್ಲಿ ನಡೆಯುತ್ತಿದ್ದ ಕೆಲಸವೆಲ್ಲ ನಿಂತಿತು.

“ಸರ್, ಅದ ಗಿರಾಕೀದಿತ್ತರಿ” ಎಂದ ಮಾಲಕ. “ಸೀಳ ತೋರಸಾಕ ಅಂತ ಇಟ್ಟಿದ್ದೆ.”

“ಈಗ ತೋರಸು. ಛಲೋ ಕಾಣತೈತಿ.” ಆಮೇಲೆ ಅವನ ಮಂದಿಯ ಕಡೆ ತಿರುಗಿ, “ನಾ ಇವಗ ಪಾನಾ ಹಿಡಿಯಾಕ ಕಲಿಸಿದ್ದು ಖರೆ. ಕಲೀಲಿಲ್ಲ ಇಂವ. ಕಾಲ ಮುಟ್ಟೂದಷ್ಟ ಕಲತಾನ” ಅಂದರು.

ಮಾಲಕ ಹತ್ತಿರ ಬಂದ. ತಗ್ಗಿದ ದನಿಯಲ್ಲಿ ಹೇಳಿದ: “ಸರ್, ಹೊರಗ ಹೋಗಿ ಬೈರಿ. ನನ್ನ ಮಂದಿ ಅದಾರ ಇಲ್ಲಿ.”

“ಮಂದಿ ಅದಾರಂತನ ಬೈಯಾಕತ್ತೇನಿ.”

ನಮ್ಮನ್ನು ಕಳಿಸಲು ಅವನು ಗೇಟಿಗೆ ಬರಲಿಲ್ಲ.

ಮೂರನೆಯದು ಬಹಳ ದೂರ. ಒಬ್ಬ ಮುದುಕ ಮತ್ತು ಅವನ ತಮ್ಮ, ಮಣ್ಣಿನ ಅಂಗಳ, ಗೋಡೆ ಸುಣ್ಣ ಕಂಡು ಎಷ್ಟು ವರ್ಷವಾಗಿತ್ತೋ. ಒಗೆದ ಸಾಮಾನು ಕೇಳಿದ ಕೂಡಲೇ ಮುದುಕ ಹುರುಪಿನಿಂದ ಒಂದು ಪೆಟ್ಟಿಗೆ ಎಳೆದು ತಂದ. ಪ್ರತಿಯೊಂದಕ್ಕೂ ಚೀಟಿ, ಯಾವ ಎಂಜಿನ್ನಿನದು, ಯಾಕೆ ಒಗೆದದ್ದು. ಪ್ರತಿಯೊಂದೂ ಎರಡು ತುಂಡು. ಸಾರ್ಜಂಟ್ರು ನೆಲದ ಮೇಲೆ ಕೂತು ಒಂದು ತಾಸು ಅವನ್ನು ನೋಡಿದರು. “ಇಲ್ಲೇ” ಅಂದರು. ಆದರೆ ಮುದುಕ ಎಂಟು ತಿಂಗಳು ಬೇಕು ಅಂದ. ಮದುವೆಗೆ ಇದ್ದದ್ದು ಐದು ತಿಂಗಳು.

ತಿರುಗಿ ಬರುವ ಹಾದಿಯಲ್ಲಿ ನಾನು ಮದುವೆಯ ಮಾತು ತೆಗೆದೆ. ಅವರು ನಕ್ಕರು. ಅವರು ನಕ್ಕರೆ ಯಾರಿಗಾದರೂ ಮಾತಿನ ಏಟು ಬೀಳುತ್ತಿತ್ತು.

“ನಿಮ್ಮ ಸಾವ್ಕಾರಗ ವಿಮಾನ ಬೇಕಾಗಿಲ್ಲ. ಮಂದಿ ತಲಿ ಎತ್ತಿ ನೋಡೂದು ಬೇಕಾಗೈತಿ. ಅದಕ್ಕ ಲೈಟಿನ ಕಂಬಾ ಏರಿ ನಿಂತ್ರೂ ನಡೀತೈತಿ. ಅಂವ ಇಳಸೂದು ನೋಡಿಯೇನು? ಎಮ್ಮಿ ಹೊಂಡಕ್ಕ ಬಿದ್ದಂಗ. ಮಗಳ ತಲಿ ಮ್ಯಾಲ ಹೂವಿನ ಬದಲಿ ತಾನ ಬೀಳತಾನ.”

ಚಿಕ್ಕೋಡಿಗೆ ಬಂದ ಮರುದಿನ ಸಾವಕಾರರು ನನ್ನನ್ನು ಕರೆದು, “ಹಾದ್ಯಾಗ ಏನೇನ ಮಾತಾಡಿದ?” ಎಂದು ಕೇಳಿದರು. ನಾನು ಹೇಳಿದೆ. ಒಂದು ಮಾತು ಕೂಡಿಸಲಿಲ್ಲ, ಒಂದು ಮಾತು ಬಿಡಲಿಲ್ಲ. ಹೇಳುವಾಗ ನೆಲದ ಮೇಲೆ ಚೆಲ್ಲಿದ ಬೋಲ್ಟುಗಳು ಕಣ್ಣೆದುರಿಗಿದ್ದವು. ಸುಳ್ಳು ಹೇಳಿದ್ದರೆ ಇಷ್ಟು ವರ್ಷ ನನಗೆ ಇಷ್ಟು ಕಾಡುತ್ತಿರಲಿಲ್ಲವೇನೋ.

ಸಾವಕಾರರು ಸಿಟ್ಟಾಗಲಿಲ್ಲ. ವಾರ ಬಿಟ್ಟು ಶೆಡ್ಡಿಗೆ ಬಂದರು. ರೋಲರಿನವರು, ಡ್ರೈವರ್, ಗುಡಿಸುವವರು, ನಾನು, ಎಲ್ಲರನ್ನೂ ನಿಲ್ಲಿಸಿಕೊಂಡರು.

“ಸಾರ್ಜಂಟ, ನಾ ಇಳಸೂದು ಎಮ್ಮಿ ಹೊಂಡಕ್ಕ ಬಿದ್ದಂಗ ಇರತೈತಂತಲ್ಲ?”

ಸಾರ್ಜಂಟ್ರು ನನ್ನ ಕಡೆ ಒಂದೇ ಸಲ ನೋಡಿದರು. “ಹೌದ್ರಿ. ಅಂದೇನಿ.”

“ನನ್ನ ಮಾರಿಗೆ ಅನ್ನೂ ಧೈರ್ಯ ಇರಲಿಲ್ಲೇನು?”

“ನೀವು ಕೇಳಿರಲಿಲ್ಲರಿ.”

ಸಾವಕಾರರು ತಲೆ ಆಡಿಸಿದರು. ಎಂಜಿನ್ ಎರಡನೇ ವರ್ಕ್‌ಶಾಪಿಗೆ ಹೋಗುತ್ತದೆ ಎಂದರು. ಅವರು ಮೂರು ತಿಂಗಳಲ್ಲಿ ಕಟ್ಟಿ ಕೊಡುತ್ತಾರೆ. ಇನ್ನು ಮೇಲೆ ಸಹಿ ಹಾಕಲು ಬೇರೆ ಎಂಜಿನಿಯರ್ ಬರುತ್ತಾನೆ. “ನಿಮ್ಮನ್ನ ಬಿಡಸಾಂಗಿಲ್ಲ. ನಿಮ್ಮ ಕಣ್ಣ ಭಾರೀ ಚುರುಕ ಅದಾವ. ರನ್‌ವೇದಾಗ ಕುರಿ ಹೊಗದಂಗ ನೋಡ್ಕೋರಿ. ಮನೆತನದ ಕೆಲಸಾ, ಬರತೈತಿ ನಿಮಗ” ಎಂದು ಡ್ರೈವರನ ಕೈಯಲ್ಲಿದ್ದ ಬಡಿಗೆ ತಗೊಂಡು ಅವರ ಕೈಗೆ ಕೊಟ್ಟರು. ಡ್ರೈವರ್ ನಕ್ಕ. ಗುಡಿಸುವ ಹೆಣ್ಣುಮಕ್ಕಳು ಈ ಸಲ ನಗಲಿಲ್ಲ.

ಬಡಿಗೆ ಒಗೆದು ಹೋಗುತ್ತಾರೆ ಎಂದುಕೊಂಡೆ. ಹೋಗಲಿಲ್ಲ. ಯಾಕೆ ಉಳಿದರು ಎಂದು ನನಗೆ ಬಹಳ ದಿನ ತಿಳಿಯಲಿಲ್ಲ. ಪಿಂಚಣಿ ಇತ್ತು, ಕಬ್ಬೂರಲ್ಲಿ ಮನೆ ಇತ್ತು, ಈ ಕೆಲಸದ ಹಂಗು ಅವರಿಗೆ ಇರಲಿಲ್ಲ. ಆದರೂ ದಿನಾ ಬಸ್ಸು ಹಿಡಿದು ಬಂದು, ಇಸ್ತ್ರಿ ಅಂಗಿಯಲ್ಲೇ ಮಡ್ಡಿಯ ಬಿಸಿಲಲ್ಲಿ ಬಡಿಗೆ ಹಿಡಿದು ನಿಂತರು. ಆ ಕಡೆ ಕುರಿ ಹೊಡೆದುಕೊಂಡು ಬರುತ್ತಿದ್ದವರು ದಿಗ್ಗೇವಾಡಿಯವರು. ಅದು ಸಾರ್ಜಂಟ್ರ ಸೋದರಮಾವಂದಿರ ಊರು. ಒಬ್ಬ ಮುದುಕ, “ಯಪ್ಪಾ, ನಮ್ಮ ಅಕ್ಕನ ಮಗಾ ಆಗಿ ನಮ್ಮ ಕುರೀಗೆ ಬಡಿತೀಯೇನು?” ಎಂದು ಕೇಳಿದ್ದನ್ನು ನಾನೇ ಕೇಳಿದ್ದೇನೆ. ಇವರು ಮುಂದಿನ ಕುರಿಯ ಬೆನ್ನಿಗೆ ಇನ್ನೊಂದು ಹಾಕಿದರು.

ಎಂಜಿನ್ ಬಂತು. ಕೂಡಿಸಿದರು. ಮದುವೆಯ ದಿನ ಸಾವಕಾರರು ಕಾಗವಾಡದ ಮೇಲೆ ಎರಡು ಸುತ್ತು ಹಾಕಿ ಹೂವು ಸುರಿದರು. ಅರ್ಧ ಹೂವು ಪಕ್ಕದ ಕಬ್ಬಿನ ಹೊಲಕ್ಕೆ ಬಿತ್ತು. ಆದರೂ ಜನ ತಲೆ ಎತ್ತಿ ನೋಡಿದರು. ಎಂಜಿನ್ ಒಂದು ಸಲವೂ ಕೆಮ್ಮಲಿಲ್ಲ.

ಆಮೇಲೆ ತಿಂಗಳಿಗೆ ನಾಲ್ಕೈದು ಸಲ ವಿಮಾನ ಏರುತ್ತಿತ್ತು. ಏರಿದಾಗಲೆಲ್ಲ ಸಾರ್ಜಂಟ್ರು ಕುರಿ ಬಿಟ್ಟು, ಕಿವಿ ಒಂದು ಕಡೆ ಮಾಡಿ ನಿಲ್ಲುತ್ತಿದ್ದರು. ಕಾಣದಾಗುವ ತನಕ ಕೇಳುತ್ತಿದ್ದರು, ತಿರುಗಿ ಬರುವ ಮೊದಲೇ ಮತ್ತೆ ಕೇಳುತ್ತಿದ್ದರು. ಮಂದಿಗೆ ಇದೊಂದು ತಮಾಷೆಯಾಯಿತು. “ಏನ್ರಿ ಸಾರ್ಜಂಟ್ರ, ಇನ್ನೂ ಬಿದ್ದಿಲ್ಲಲ್ಲ?” ಎಂದು ರೋಲರಿನವರು ಕೇಳುತ್ತಿದ್ದರು.

ವರ್ಷ ತುಂಬಿರಬೇಕು. ಒಂದು ದಿನ ಸಾವಕಾರರು ಮಗಳನ್ನು ಕೂರಿಸಿಕೊಂಡು ಏರಿದರು. ನಾನು ಸಾಮಾನು ಕೊಡಲು ಹೋದವನು ರನ್‌ವೇ ಅಂಚಿಗೆ ಸಾರ್ಜಂಟ್ರ ಪಕ್ಕ ನಿಂತಿದ್ದೆ. ವಿಮಾನ ಕೃಷ್ಣೆಯ ಕಡೆಯಿಂದ ತಿರುಗಿ ಬರುವಾಗ ಒಮ್ಮೆಲೇ ಸದ್ದು ಮುರಿಯಿತು. ಎರಡು ಸಲ ಕೆಮ್ಮಿ, ನಿಂತೇ ಹೋಯಿತು. ಮಡ್ಡಿಯ ಮೇಲೆ ಗಾಳಿಯ ಸದ್ದಷ್ಟೇ ಉಳಿಯಿತು. ನಾನು ಹೆದರಿ ಸಾರ್ಜಂಟ್ರ ಕಡೆ ನೋಡಿದೆ.

ಅವರ ಮುಖ ಅರಳಿತ್ತು. ಆ ಮುಖದಲ್ಲಿ ಅಂಥ ಖುಷಿಯನ್ನು ನಾನು ಎಂದೂ ಕಂಡಿರಲಿಲ್ಲ.

“ಸರ್, ಒಳಗ ಅಕ್ಕಾರು ಅದಾರ್ರಿ” ಎಂದೆ.

“ಗೊತ್ತೈತಿ” ಅಂದರು, ಕಣ್ಣು ಕೀಳದೆ.

ಹತ್ತು ಎಣಿಸುವಷ್ಟರಲ್ಲಿ ಎಂಜಿನ್ ಮತ್ತೆ ಹಿಡಿಯಿತು. ಸಾವಕಾರರು ಒಂದು ಟಾಕಿಯ ಪೆಟ್ರೋಲು ತೀರಿದರೂ ಇನ್ನೊಂದು ಟಾಕಿಗೆ ತಿರುಗಿಸುವುದನ್ನು ಮರೆತಿದ್ದರು, ಅಷ್ಟೇ. ಎಂಜಿನ್ನಿನ ತಪ್ಪಲ್ಲ. ಇಳಿದ ಮೇಲೆ ಮಗಳು ನಗುತ್ತ, ಕೂದಲು ಸರಿ ಮಾಡಿಕೊಳ್ಳುತ್ತ ಕಾರಿನ ಕಡೆ ಹೋದಳು.

ಸಾರ್ಜಂಟ್ರು ನೆಲದ ಮೇಲೆ ಕೂತರು. ಕಾರು ಹೋದ ಮೇಲೆ ಕೇಳಿದರು: “ನಾ ಏನ ಬಯಸಿದೆ ಅನ್ನೂದು ನಿನಗ ಕಾಣಿಸ್ತು, ಹೌದಿಲ್ಲೋ?”

ನಾನು ಕೈಯಲ್ಲಿದ್ದ ಸಾಮಾನಿನ ಚೀಟಿ ಮಡಿಚಿದೆ.

“ಇಷ್ಟ ದಿನಾ ನನಗೂ ಗೊತ್ತಿರಲಿಲ್ಲ. ಎಂಜಿನ್ ಕೇಳಾಕ ನಿಂತೇನಿ ಅಂತ ತಿಳಕೊಂಡಿದ್ದೆ.” ಬಡಿಗೆಯನ್ನು ನನ್ನ ಕೈಗೆ ಕೊಟ್ಟರು. “ಇದನ್ನ ಸಾವ್ಕಾರಗ ಕೊಡು. ನೀ ಅವತ್ತ ಹೇಳಿದ್ದು ಖರೇನ ಇತ್ತು. ಖರೆ ಹೇಳಿದಾಂವನ ಮ್ಯಾಲ ಸಿಟ್ಟ ಮಾಡಾಕ ಬರೂದಿಲ್ಲ ನನಗ.” ಬೈದಿದ್ದರೆ ಹಗುರಾಗುತ್ತಿದ್ದೆ. ಅವರು ರಾಯಬಾಗದ ರಸ್ತೆಯ ಕಡೆ ನಡೆದು ಹೋದರು. ಮತ್ತೆ ಬರಲಿಲ್ಲ.

ಎರಡು ವರ್ಷದ ಮೇಲೆ, ಹಾಸಿಗೆ ಹಿಡಿದಿದ್ದಾರೆ ಎಂದು ಕೇಳಿ ಕಬ್ಬೂರಿಗೆ ಹೋದೆ. ಎಲುಬು ಎಣಿಸುವ ಹಾಗಾಗಿದ್ದರು. ಆರಾಮ ಐತೇನ್ರಿ ಎಂದು ನಾನು ಕೇಳುವ ಮೊದಲೇ ಅವರು ಕೇಳಿದರು:

“ಹಾರತೈತೇನು?”

“ಹಾರತೈತ್ರಿ.”

“ಎಣ್ಣಿ ಫಿಲ್ಟರ್ ಕೊರದ ನೋಡ್ಯಾರೇನು? ಒಳಗ ಕಬ್ಬಿಣದ ಚೂರ?”

“ನೋಡ್ಯಾರ್ರಿ. ಸ್ವಚ್ಛ ಐತಂತ.”

ಚೂರು ಸಿಕ್ಕರೆ ಎಂಜಿನ್ ಒಳಗೇ ಸವೆಯುತ್ತಿದೆ, ಅವರು ಕಂಡದ್ದು ಖರೆ ಎಂದರ್ಥ. ಇಲ್ಲ ಸರ್, ಚೂರು ಸಿಕ್ಕಾವು ಎಂದು ಹೇಳಬಹುದಿತ್ತು. ಹೊಳೆಯಿತು ಕೂಡ. ಹೇಳಲಿಲ್ಲ. ಅವರು ಛತ್ತು ನೋಡುತ್ತ, “ಹಂಗಾರ ನನ್ನ ಕಣ್ಣ ಹೋಗಿದ್ದುವು. ಇಲ್ಲದ್ದ ಕಂಡೆ ನಾ ಅವತ್ತ ಆ ವರ್ಕ್‌ಶಾಪಿನ್ಯಾಗ. ಸುಮ್ಮನ ಅವನ್ನ ಅಷ್ಟ ಮಂದಿ ಮುಂದ…” ಎಂದು ನಿಲ್ಲಿಸಿದರು. ಆಮೇಲೆ ಗೋಡೆಯ ಕಡೆ ಹೊರಳಿ ಮಲಗಿದರು.

ಅವರು ತೀರಿಕೊಂಡ ಮೂರನೇ ದಿನ ಮತ್ತೆ ಹೋದೆ. ಅಂಗಳದಲ್ಲಿ ಒಬ್ಬರೇ ಕೂತಿದ್ದರು, ಎರಡನೇ ವರ್ಕ್‌ಶಾಪಿನ ಮಾಲಕ. ಗುರುತು ಹಿಡಿದು ಪಕ್ಕಕ್ಕೆ ಜಾಗ ಮಾಡಿದರು. ಏನಾದರೂ ಮಾತಾಡಬೇಕಲ್ಲ ಎಂದು, ನೀವು ಕಟ್ಟಿದ ಎಂಜಿನ್ ಇನ್ನೂ ಚೆನ್ನಾಗಿ ಓಡುತ್ತಿದೆ ಎಂದೆ.

“ಓಡಲಾರದೇನು” ಅಂದರು. “ಅವತ್ತ ನೀವು ಹೋದ ಮ್ಯಾಲ ವರ್ಕ್‌ಶಾಪ್ ಬಂದ್ ಮಾಡಿದೆ. ಎಲ್ಲಾ ಪಾನಾ ತಪಾಸಣಿಗೆ ಕಳಿಸಿದೆ. ಶಾಫ್ಟ್ ಎಲ್ಲಾ ತೂಗಹಾಕಿದೆ. ಕಟ್ಟಿ ಮುಗಿಸಿದ್ದ ಎರಡ ಎಂಜಿನ್ ಇದ್ದುವು, ಬೇರೆಯವರವು. ಅವನ್ನೂ ಬಿಚ್ಚಿದೆ. ಒಂದರಾಗ ಖರೇನ ತಪ್ಪಿತ್ತು. ಹಂಗ ಹೋಗಿದ್ರ ಯಾರೋ ಸಾಯತಿದ್ರು. ಅವರು ಒಡದ ಸಿಲಿಂಡರ್ ತಲಿ ಐತಲ್ಲ, ಅದನ್ನ ಗ್ವಾಡಿಗೆ ತೂಗಹಾಕೇನಿ. ನಿಮ್ಮ ಎಂಜಿನ್ ಬಂದಾಗ ಅದರ ಕೆಳಗ ನಿಂತು ಕಟ್ಟಿದ್ದು ನಾ.”

“ಇದನ್ನ ಅವರಿಗೆ ಹೇಳಲಿಲ್ಲೇನ್ರಿ?”

ಅವರು ಅಂಗೈ ನೋಡಿಕೊಂಡರು. “ನಂಬರ್ ಇತ್ತು. ಅವರು ಕುರಿ ಕಾಯಾಕ ನಿಂತಾರಂತ ಕೇಳಿದ್ದೆ. ಮ್ಯಾಲ ನೋಡಕೋತ ನಿಲ್ಲತಾರ ಅನ್ನೂದೂ ಕೇಳಿದ್ದೆ. ವಿಮಾನ ಬೀಳೂದಿಲ್ಲ ಅಂತ ನನಗ ಗೊತ್ತಿತ್ತು. ಕಾಯಲಿ ಅಂತ ಬಿಟ್ಟೆ.” ಅಂಗೈ ಮಡಿಚಿ, “ಉಂಡ ಕೈ ತೊಳಕೊಂಡ ಬೈದಿದ್ರಲ್ಲರಿ” ಅಂದರು.

ಒಳಗಿನಿಂದ ಸಾರ್ಜಂಟ್ರ ಹೆಂಡತಿ ಚಹಾ ತಂದರು. ಮಾಲಕರನ್ನು ನೋಡಿ, ನೀವ್ಯಾರಂತ ಗೊತ್ತಾಗಲಿಲ್ಲ ಎಂದರು. “ಸಾಹೇಬ್ರ ಕೈಯಾಗ ಕೆಲಸಾ ಕಲತಾಂವ್ರಿ” ಎಂದರು ಅವರು. ಆ ತಾಯಿ ಹೊಸ್ತಿಲ ಮೇಲೆ ಕೂತರು.

“ಕಡೀಕ ಒಂದ ಮಾತ ಹಿಡದಿದ್ರರಿ. ನನ್ನ ಕಣ್ಣ ಹೋಗ್ಯಾವು, ಕಣ್ಣ ಹೋಗ್ಯಾವು ಅಂತ. ಚಿಕ್ಕೋಡ್ಯಾಗ ಡಾಕ್ಟರಿಗೆ ತೋರಿಸಿದ್ವಿ. ಕಣ್ಣ ಛಲೋ ಅದಾವ ಅಂದ್ರು ಅವರು. ಆದ್ರೂ ಕೇಳಲಿಲ್ಲ. ಯಾಕ ಹಂಗಂತಿದ್ರು, ನಿಮಗೇನರ ಗೊತ್ತೈತೇನ್ರಿ?”

ನಾನು ಮಾಲಕರ ಕಡೆ ನೋಡಿದೆ. ಅವರು ನನ್ನ ಕಡೆ ನೋಡಿದರು.

“ವಯಸ್ಸಾಗಿತ್ತಲ್ಲರಿ ಕಾಕೂ” ಎಂದೆ ನಾನು.

“ಹೌದ್ರಿ” ಎಂದರು ಅವರೂ. “ವಯಸ್ಸು.”